ಕಾವಲುಮಣಿ ಕೇಳದ ಮಾತು

“ದಾಕ್ಷಾಯಣಿ ಅವರೇ, ಸಿಹಿ ಸುದ್ದಿ!” ಎಂದು ಅಡುಗೆಮನೆಯ ಗೋಡೆಯಲ್ಲಿದ್ದ ಸ್ಪೀಕರ್ ನುಡಿದಾಗ ಅತ್ತೆ ಗೌರವ್ವ ರೊಟ್ಟಿ ಬಡಿಯುತ್ತಿದ್ದರು. ಮುಂದಿನ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಮದುವೆಯಾದ ಹೆಣ್ಣುಮಗಳ ವಿಷಯದಲ್ಲಿ ಆ ಎರಡು ಪದಕ್ಕೆ ಇರುವುದು ಒಂದೇ ಅರ್ಥ. ಹಿಟ್ಟಿನ ಕೈಯಲ್ಲೇ ಮಗ ಮಲ್ಲೇಶಿಗೆ ಫೋನ್ ಮಾಡಿದರು. ಸೊಸೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಓಣಿಯ ಅರ್ಧ ಮನೆಗಳಿಗೆ ಪೇಡೆ ಮುಟ್ಟಿತ್ತು.

ಸ್ಪೀಕರಿನಲ್ಲಿ ಮಾತಾಡಿದ್ದು ಸೊಸೆ ದಾಕ್ಷಾಯಣಿಯ ತೋಳಿನ ಚರ್ಮದಡಿ ಕೂತಿದ್ದ, ಜೋಳದ ಕಾಳಿನಷ್ಟಿದ್ದ ಕಾವಲುಮಣಿ. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದ್ದ ಆ ಕಾಲದಲ್ಲಿ ಕಿಡ್ನಿ ಕಸಿಯಾದ ಹೆಂಗಸರಿಗೆ ಅದು ಸಾಮಾನ್ಯವಾಗಿತ್ತು. ಕಿಡ್ನಿ ಕೆಟ್ಟಾಗ ನಿಂತುಹೋದ ಮುಟ್ಟು ಹೊಸ ಕಿಡ್ನಿ ಬಂದ ಕೆಲವೇ ತಿಂಗಳಲ್ಲಿ ಮರಳಬಹುದು. ತನಗಿನ್ನು ಬಸಿರು ನಿಲ್ಲದೆಂದು ನಂಬಿದವಳು ಅರಿವಿಲ್ಲದೆ ಬಸಿರಾಗುತ್ತಾಳೆ. ಆದರೆ ಹೊಸ ಅಂಗವನ್ನು ದೇಹ ಪರಕೀಯವೆಂದು ತಳ್ಳಿಹಾಕದಂತೆ ತಡೆಯುವ ಔಷಧಿಗಳಲ್ಲಿ ಕೆಲವು ಹೊಟ್ಟೆಯಲ್ಲಿರುವ ಕೂಸಿಗೆ ವಿಷ. ಅದಕ್ಕೇ ಮಣಿ ರಕ್ತದಲ್ಲಿನ ಔಷಧಿಯನ್ನೂ ಕಿಡ್ನಿಯ ಆರೋಗ್ಯವನ್ನೂ ಅಳೆಯುತ್ತ, ಗರ್ಭ ನಿಲ್ಲದಂತೆ ಹಾರ್ಮೋನನ್ನು ಚೂರುಚೂರೇ ಬಿಡುತ್ತಿತ್ತು. ಅಂಥ ಔಷಧಿ ಬದಲಾಗಿ, ಕಿಡ್ನಿ ಗಟ್ಟಿಯಾಗಿ ಅಪಾಯ ಕಳೆದ ಮೇಲೆ ತಾನಾಗಿ ನಿಲ್ಲಿಸುತ್ತಿತ್ತು. ಇವತ್ತು ನಿಲ್ಲಿಸಿತ್ತು, ಸಿಹಿ ಸುದ್ದಿಯೆಂದರೆ ಅಷ್ಟೇ.

ಆದರೆ ದಾಕ್ಷಾಯಣಿಗೆ ಅದು ಸಿಹಿಯಾಗಿರಲಿಲ್ಲ. ಅವಳೊಳಗೆ ಕೆಲಸ ಮಾಡುತ್ತಿದ್ದುದು ಗೌರವ್ವನ ಕಿಡ್ನಿ. ಬಸಿರು ಅದಕ್ಕೆ ಭಾರವಾದೀತೆಂಬ ಭಯ ಒಂದು ಕಡೆ. ಕಿಡ್ನಿ ಕೊಟ್ಟವರಿಗೆ ಮೊಮ್ಮಗು ಬೇಡವೆಂದು ಯಾವ ಬಾಯಿಂದ ಹೇಳುವುದೆಂಬ ಸಂಕಟ ಇನ್ನೊಂದು ಕಡೆ. ಇಷ್ಟು ದಿನ ಮಣಿಯ ನೆಪವಾದರೂ ಇತ್ತು.

ಪೇಡೆ ಹಂಚಿದವರಿಗೆ ನಿಜ ಹೇಳಲಾರದೆ ಅವಳು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟಾಗ ಅತ್ತೆಯೂ ಜೊತೆಗೆ ಬಂದರು, ಪೇಡೆಯ ಡಬ್ಬಿ ಹಿಡಿದು. ಕಾವಲುಮಣಿಯನ್ನು ರೂಪಿಸಿದ ಡಾಕ್ಟರ್ ವೈದೇಹಿ ವಿಷಯ ಬಿಡಿಸಿ ಹೇಳಿದಾಗ ಗೌರವ್ವನ ಮುಖ ಸಪ್ಪಗಾಯಿತು.

“ಹಂಗಾರ ಇನ್ನ ಬಸರಿಲ್ಲೇನ್ರೀ?”

“ಇಲ್ಲವ್ವಾ. ಆದ್ರ ಇನ್ಮ್ಯಾಲೆ ಆಗಬಹುದು,” ಎಂದು ವೈದೇಹಿ ದಾಕ್ಷಾಯಣಿಯತ್ತ ತಿರುಗಿ ನಕ್ಕರು.

“ಮಣೀನ ಮತ್ತ ಚಾಲೂ ಮಾಡ್ರಿ ಮೇಡಂ,” ಎಂದಳು ದಾಕ್ಷಾಯಣಿ.

“ಯಾಕ? ಎಲ್ಲಾ ಚಲೋ ಐತಲ್ಲ!” ಎಂದರು ವೈದೇಹಿ.

“ಕಿಡ್ನೀನ ಕೇಳ್ತು, ರಕ್ತಾನ ಕೇಳ್ತು. ನನ್ನ ಮಾತ್ರ ಕೇಳಲಿಲ್ಲಲ್ರೀ ಅದು.”

ಮಣಿ ಯಾವಾಗ ನಿಲ್ಲಬೇಕೆಂದು ವರ್ಷಗಟ್ಟಲೆ ಜಗಳವಾಡಿದ್ದ ವೈದೇಹಿಯ ತಂಡದಲ್ಲಿ ಹೆಂಗಸರೇ ಹೆಚ್ಚು. ಆದರೂ ಇದು ಯಾರ ತಲೆಗೂ ಹೊಳೆದಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ದಾಕ್ಷಾಯಣಿಯ ಕಣ್ಣು ತುಂಬಿ ಬಂದಿತ್ತು. “ತಪ್ಪು ತಿಳಕೋಬ್ಯಾಡ್ರಿ ಅತ್ತಿ. ನೀವು ಕೊಟ್ಟಿದ್ದನ್ನ ಎಲ್ಲಿ ಕಳಕೊಂಡೇನೋ ಅಂತ ಅಂಜಿಕಿ ನನಗ.”

ಗೌರವ್ವ ಸೊಸೆಯ ಕೈ ಹಿಡಿದುಕೊಂಡರು. “ಹುಚ್ಚಿ! ನೀ ಬದುಕಲಿ ಅಂತ ಕೊಟ್ಟೀನಿ. ಮೊಮ್ಮಗನ್ನ ಬುಕ್ ಮಾಡಾಕ ಅಡ್ವಾನ್ಸ್ ಕೊಟ್ಟೀನಿ ಅಂತ ತಿಳಿದಿಯೇನ?” ಎಂದು ನಗುತ್ತಲೇ ಕಣ್ಣೊರೆಸಿಕೊಂಡರು. “ಈಗ ಹೇಳು, ನಿನಗ ಕೂಸು ಬೇಕೇನು?”

“ಈಗ ಬ್ಯಾಡ್ರಿ. ಮುಂದಿಂದು ಗೊತ್ತಿಲ್ಲ.”

“ಆತು ಬಿಡು. ಓಣಿಯವರಿಗೂ ಮಲ್ಲೇಶಿಗೂ ನಾ ಹೇಳ್ತೀನಿ.”

ವೈದೇಹಿ ಅವತ್ತೇ ಮಣಿಯನ್ನು ಮತ್ತೆ ಚಾಲೂ ಮಾಡಿದರು. ಮುಂದಿನ ವರ್ಷದಿಂದ ಬಂದ ಮಣಿಗಳು ತಾವಾಗಿ ನಿಲ್ಲುವುದನ್ನು ಬಿಟ್ಟವು. ಅಪಾಯ ಕಳೆದಾಗ ಗೌರವ್ವ ಕೇಳಿದ್ದ ಅದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದವು. ಪತ್ರಿಕೆಗಳು ಅದನ್ನು ವಿಜ್ಞಾನದ ಮಹಾಸಾಧನೆಯೆಂದು ಹೊಗಳಿದವು.

ಅದನ್ನು ಓದಿದ ದಾಕ್ಷಾಯಣಿಗೆ ನಗು ಬಂತು, ಬೆನ್ನಿಗೇ ಬೇಸರವೂ ಆಯಿತು. ಅವಳ ಅಜ್ಜಿ ಸಂಸಾರ ಮಾಡುತ್ತಿದ್ದ 2020ರ ದಶಕದಲ್ಲಿ ಕಾವಲುಮಣಿ ಇರಲಿಲ್ಲ, ನಿಜ. ಆದರೆ ಆಗಲೂ ಮನೆಯವರಿಗೆ ಬಾಯಿ ಇತ್ತು, ಡಾಕ್ಟರಿಗೂ ಇತ್ತು. ಕೇಳಬಹುದಿತ್ತು.