ಫ್ಯಾನಿನ ಮೇಲಿಟ್ಟ ಬೆರಳು

ನಮ್ಮ ಮನೆಯ ಆಂಪ್ಲಿಫೈಯರ್ ಒಳಗಿನ ಫ್ಯಾನು ಗರಗರ ಅಂತ ತಲೆ ತಿನ್ನುತ್ತಿತ್ತು. ಸದ್ದು ಎಲ್ಲಿಯದೆಂದು ತಿಳಿಯಲು ರಿಪೇರಿ ಮಾಡುವ ನಾವು ಫ್ಯಾನಿನ ನಡುವೆ ಬೆರಳಿಟ್ಟು ತಡೆದು ನೋಡುತ್ತೇವೆ. ತಡೆದೆ, ಸದ್ದು ನಿಂತಿತು. ಹೊಸ ಫ್ಯಾನು ಕೂರಿಸಿ, ಹಳೆಯದನ್ನು ಮೇಜಿನ ಮೇಲಿಟ್ಟೆ.

ಹೊಸದು ಸದ್ದಿಲ್ಲದೆ ತಿರುಗುತ್ತಿತ್ತು. ಆದರೂ ಒಳಕೋಣೆಯಿಂದ ಅದೇ ಗರಗರ. ಪ್ಲಗ್ ಕಿತ್ತೆ. ನಿಲ್ಲಲಿಲ್ಲ.

“ರೀ, ಫ್ಯಾನು ಬದಲಾಯಿಸಿದ್ರೋ, ಬರೀ ಧೂಳು ಒರೆಸಿದ್ರೋ?” ಎಂದು ಹೆಂಡತಿ ನಕ್ಕಳು.

ಅಭ್ಯಾಸಬಲದಿಂದ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಹಳೇ ಫ್ಯಾನಿಗೆ ಬೆರಳಿಟ್ಟೆ. ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಒಳಕೋಣೆಯ ಸದ್ದು ನಿಂತಿತು. ಬೆರಳೆತ್ತಿದೆ, ಸದ್ದು ಬಾಗಿಲ ಬಳಿ ಶುರುವಾಯಿತು. ಮತ್ತೆ ಇಟ್ಟು ಎತ್ತಿದೆ. ಈಗ ನನ್ನ ಕುರ್ಚಿಯ ಹಿಂದೆಯೇ.

“ಕೈ ತೆಗೀಬೇಡ್ರೀ,” ಅಂದಳು ಹೆಂಡತಿ, ನನ್ನ ಹೆಗಲಾಚೆ ನೋಡುತ್ತಾ. ಅವಳೀಗ ನಗುತ್ತಿರಲಿಲ್ಲ.

ನಾನು ಬಲಗೈಯವನು. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ.