ಹುಲ್ಲು ತುಳಿಯದ ಕಳ್ಳ

2016ನೇ ಇಸವಿ ಅಕ್ಟೋಬರ್ 19, ಬುಧವಾರ, ಬೆಳಿಗ್ಗೆ ಆರೂ ಮುಕ್ಕಾಲು. ಲುಸಾಕ ನಗರದ ಅಂಚಿನ ಮುಪುಂಡು ಬಡಾವಣೆಯ ಪೊಲೀಸ್ ಠಾಣೆಗೆ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ಕಪೆಂಬ್ವ ಏದುಸಿರು ಬಿಡುತ್ತಾ ಬಂದರು. ಕೊರಳಲ್ಲಿ ಟೈ ಇರಲಿಲ್ಲ. ಹೆಂಡತಿಯ ಹೆರಿಗೆಯ ದಿನವೂ ಟೈ ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿದ್ದ ಮನುಷ್ಯ ಅವರು.

"ಹಳಿ ಹೋಯ್ತು," ಎಂದರು.

ಕೌಂಟರಿನಲ್ಲಿದ್ದ ಕಾನ್‌ಸ್ಟೇಬಲ್ ಸಿತಾಲಿ ಪಶ್ಚಿಮದ ಮೊಂಗುವಿನಿಂದ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. "ಯಾವ ಹಳಿ ಸಾರ್? ರೈಲ್ವೇದಾ? ಅದಕ್ಕೆ ಬೇರೆ ಪೊಲೀಸರಿದಾರೆ."

"ನಿಮ್ಮ ಮೇಡಂನ ಕರೀರಪ್ಪ."

ಇನ್‌ಸ್ಪೆಕ್ಟರ್ ಮುಟಿಂಟ ಹಾಮೂಂಗ ಟೀ ಲೋಟ ಹಿಡಿದು ಹೊರಗೆ ಬಂದರು. ಹೆಡ್‌ಮಾಸ್ಟರು ಅದೇ ಎರಡು ಮಾತನ್ನು ಮತ್ತೆ ಹೇಳಿದರು. ಮುಟಿಂಟ ಲೋಟವನ್ನು ಕೆಳಗಿಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ.

ಮುಪುಂಡು ಶಾಲೆಗೆ ಗಂಟೆಯಿಲ್ಲ, ಹಳಿಯಿದೆ. 1966ರಲ್ಲಿ ಶಾಲೆ ಶುರುವಾದಾಗ ಗೋಡೆ ಇತ್ತು, ಗಂಟೆ ಇರಲಿಲ್ಲ. ಬಡಾವಣೆಯ ರೈಲ್ವೆ ಕೂಲಿಗಳು ಮೊಳಕ್ಕಿಂತ ತುಸು ಉದ್ದದ ಹಳಿಯ ತುಂಡೊಂದನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದ ಮುಪುಂಡು ಮರಕ್ಕೆ ನೇತುಹಾಕಿದರು. ಅಂದಿನಿಂದ ಬೆಳಿಗ್ಗೆ ಅದರ ಸದ್ದು ಕೇಳಿದರೆ ಬಡಾವಣೆ ಇಡೀ ನಿಂತಲ್ಲೇ ನಿಲ್ಲುತ್ತದೆ. ಸಂತೆಯ ಹೆಂಗಸರು ತೂಕ ನಿಲ್ಲಿಸುತ್ತಾರೆ, ಮಿನಿಬಸ್ಸಿನ ಕಂಡಕ್ಟರು ಬಾಯಿ ಮುಚ್ಚುತ್ತಾನೆ. ಸದ್ದು ಪೂರ್ತಿ ಅಡಗಿದ ಮೇಲೆ ಮತ್ತೆ ಗಲಾಟೆ. ಇಲಾಖೆ ಒಮ್ಮೆ ಕರೆಂಟಿನ ಗಂಟೆ ಕೊಟ್ಟಿತ್ತು. ಅದರ ತಂತಿಯನ್ನು ಇಲಿ ಕಡಿದಾಗ ಯಾರೂ ಅಳಲಿಲ್ಲ.

ಹನ್ನೊಂದನೇ ತರಗತಿಯ ಕೊನೆಯ ಅವಧಿಯಲ್ಲಿ ಒಬ್ಬರನ್ನು ಹಳಿ ಬಾರಿಸುವುದಕ್ಕೆ ಆರಿಸುತ್ತಾರೆ. ಶಾಲಾ ನಾಯಕನಾಗುವುದಕ್ಕಿಂತ ಅದು ದೊಡ್ಡ ಮರ್ಯಾದೆ. 1994ರಲ್ಲಿ ಅದು ಮುಟಿಂಟ ಅವರಿಗೆ ಸಿಕ್ಕಿತ್ತು. ಹಳಿ ಬಾರಿಸಿದ ಮೊದಲ ಹುಡುಗಿ ಎಂದು ಅವರಮ್ಮ ಕಂಡವರಿಗೆಲ್ಲ ಹೇಳಿ ಹೇಳಿ ಸುಸ್ತಾಗಿದ್ದರು. ಬರುವ ಶನಿವಾರ ಶಾಲೆಯ ಐವತ್ತನೇ ವರ್ಷದ ಹಬ್ಬ. ಹಳಿ ಬಾರಿಸಿದವರೆಲ್ಲ ಒಂದೊಂದು ಸಲ ಬಾರಿಸಬೇಕು, ಮೊದಲು ಮುಟಿಂಟ ಎಂದು ನಿಗದಿಯಾಗಿತ್ತು.

ಏಳು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಏಳೂವರೆಗೆ ಮುಟಿಂಟ, ಸಿತಾಲಿ ಇಬ್ಬರೂ ಶಾಲೆಯ ಅಂಗಳದಲ್ಲಿದ್ದರು.

ಸಿತಾಲಿ ಗೇಟು ದಾಟಿದವನೇ ಮರದ ಕಡೆಗೆ ನೆಟ್ಟಗೆ ಹೊರಟ. ನಡುವೆ ಹಸಿರು ಹುಲ್ಲಿನ ಚೌಕವಿತ್ತು. ಅವನ ಬೂಟು ಇನ್ನೇನು ಅದರ ಮೇಲೆ ಬೀಳಬೇಕು, ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಒಟ್ಟಿಗೇ ಕಿರುಚಿದರು: "ಸಾರ್! ಹುಲ್ಲು!"

ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ. "ಏನಿದು ಮೇಡಂ?"

"ಹನ್ನೆರಡರ ಹುಲ್ಲು. ಹನ್ನೆರಡನೇ ಕ್ಲಾಸಿಗೆ ಬಂದೋರು ಮಾತ್ರ ತುಳೀಬಹುದು. ಜನವರಿ ಮೊದಲ ದಿನ ಬೂಟು ಕಳಚಿ ಬರಿಗಾಲಲ್ಲಿ ದಾಟ್ತಾರೆ. ಉಳಿದೋರು ಬಕೆಟ್ಟಲ್ಲಿ ನೀರು ಹೊತ್ತು ಹಾಕ್ಬೇಕು, ಸುತ್ತಿ ಹೋಗ್ಬೇಕು."

"ಹುಲ್ಲಿಗೆ ಇಷ್ಟೊಂದು ಬಿಗುಮಾನಾನಾ? ನಮ್ಮೂರಲ್ಲಿ ಅದನ್ನ ಎತ್ತು ತಿನ್ನುತ್ತೆ."

"ನೀವು ಲೋಝಿಗಳು ಪ್ರವಾಹ ಬಂತೂಂತ ವರ್ಷಕ್ಕೊಂದ್ಸಲ ದೋಣಿ ಹತ್ತಿ ಮನೆ ಬಿಟ್ಟು ಓಡೋ ಜನ. ಒಂದೇ ಜಾಗದಲ್ಲಿ ಐವತ್ತು ವರ್ಷ ಇರೋದರ ಬೆಲೆ ನಿಮಗೇನು ಗೊತ್ತು?"

"ನೀವು ಟೋಂಗಾಗಳು ಹಸು ಒಂದನ್ನೇ ಪ್ರೀತಿಸ್ತೀರಿ ಅಂದ್ಕೊಂಡಿದ್ದೆ. ಕಬ್ಬಿಣಾನೂ ಬಿಡಲ್ಲ ನೋಡಿ." ಟೋಂಗಾ ಮತ್ತು ಲೋಝಿ ಜನ ಹುಟ್ಟಿನಿಂದಲೇ ಪರಸ್ಪರ ಕಾಲೆಳೆಯುವ ಹಕ್ಕುಳ್ಳವರು. ಇನ್‌ಸ್ಪೆಕ್ಟರು, ಕಾನ್‌ಸ್ಟೇಬಲ್ ಎಂಬ ಭೇದ ಅದಕ್ಕಿಲ್ಲ.

ಇಬ್ಬರು ಶಿಕ್ಷಕರ ಎದುರು ಸ್ಥಳ ಪಂಚನಾಮೆ ನಡೆಯಿತು. ಮಕ್ಕಳು ದಿನಾ ಸಂಜೆ ಗುಡಿಸುವ ಅಂಗಳ ಅದು. ಅಕ್ಟೋಬರಿನ ಧೂಳಿನಲ್ಲಿ ಕೈಗಾಡಿಯ ಒಂಟಿ ಚಕ್ರದ ಗುರುತು ಚೊಕ್ಕವಾಗಿ ಮೂಡಿತ್ತು. ಮುಟಿಂಟ ಅದರ ಜಾಡು ಹಿಡಿದು ನಡೆದರು. ಮರದಿಂದ ಬೇಲಿಯ ಕಿಂಡಿಗೆ ಹುಲ್ಲಿನ ಮೇಲೆ ಹಾದರೆ ನಾಲ್ಕು ಹೆಜ್ಜೆಯ ದಾರಿ. ಜಾಡು ಹಾಗೆ ಹೋಗಿರಲಿಲ್ಲ. ಹುಲ್ಲಿನ ಅಂಚು ಹಿಡಿದು ಇಡೀ ಅಂಗಳ ಸುತ್ತಿ, ಕಾವಲುಗಾರನ ಗುಡಿಸಲ ಮುಂದೆಯೇ ಹಾದು ಕಿಂಡಿ ಸೇರಿತ್ತು. ತಾನು ನಿದ್ದೆ ಹೋಗಿದ್ದೆನೆಂದು ಕಾವಲುಗಾರನೇ ಒಪ್ಪಿಕೊಂಡ.

"ತಲೆ ಕೆಟ್ಟ ಕಳ್ಳ. ಸಿಕ್ಕಿಬೀಳೋಕೇ ಹೋದ ಹಾಗಿದೆ," ಎಂದ ಸಿತಾಲಿ. "ಚಕ್ರ ಹೂತುಹೋಗುತ್ತೆ ಅಂತ ಹೆದರಿದ್ನೇನೋ."

ಮುಟಿಂಟ ಬೂಟು ಕಳಚಿ ಹುಲ್ಲಿನ ಮೇಲೆ ಕಾಲಿಟ್ಟು ಒತ್ತಿ ನೋಡಿದರು. ಕೆಳಗೆ ನೆಲ ಕಲ್ಲಿನ ಹಾಗಿತ್ತು. "ಹೂತುಹೋಗಲ್ಲ. ತುಳೀಬಾರದು ಅಂತ ಸುತ್ತಿದಾನೆ. ಕದ್ದ ಮಾಲು ಗಾಡೀಲಿಟ್ಕೊಂಡೂ ಸುತ್ತಿದಾನೆ. ಈ ಶಾಲೇಲಿ ಓದಿದೋನು ಸಿತಾಲಿ, ಆದ್ರೆ ಹನ್ನೆರಡು ಮುಟ್ಟದೋನು."

ಹಾಗೆ ಅರ್ಧಕ್ಕೆ ಬಿಟ್ಟವರು ಬಡಾವಣೆಯಲ್ಲಿ ಸಾವಿರಾರು ಮಂದಿ ಇದ್ದರು. ಆದರೆ ಮರದ ಬಳಿ ಇನ್ನೊಂದು ಸಂಗತಿ ಕಾದಿತ್ತು. ಹಳಿ ತೂಗುತ್ತಿದ್ದ ಸರಪಳಿ ಹಾಗೇ ಇತ್ತು, ಕೊಕ್ಕೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ಕೊಕ್ಕೆ ಹಟಮಾರಿ. ಹಳಿಯನ್ನು ಹೆಗಲಿನಿಂದ ಮೇಲಕ್ಕೆತ್ತಿ ಎಡಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ವರ್ಷಕ್ಕೊಮ್ಮೆ ಹಳಿಯನ್ನು ಇಳಿಸಿ ಎಣ್ಣೆ ಹಚ್ಚುವುದು ಬಾರಿಸುವವರ ಕೆಲಸ. ಆ ಪಟ್ಟು ಅವರಿಂದ ಅವರಿಗೆ ಮಾತ್ರ ಬರುವಂಥದ್ದು. ಮುಟಿಂಟ ತಮ್ಮ ಎಡ ಹೆಗಲನ್ನು ತಮಗರಿವಿಲ್ಲದೆಯೇ ಸವರಿಕೊಂಡರು.

ಹಾಗಾದರೆ ಕಳ್ಳ ಹಳಿ ಬಾರಿಸಿದವನು. ಆದರೆ ಬಾರಿಸಿದವರೆಲ್ಲ ಹನ್ನೆರಡಕ್ಕೆ ಬಂದವರೇ, ಜನವರಿಯಲ್ಲಿ ಹುಲ್ಲು ದಾಟುವ ಸಾಲಿನಲ್ಲಿ ಮೊದಲು ನಡೆದವರೇ. ಅಂಥ ಮನುಷ್ಯ ಇರಲು ಸಾಧ್ಯವೇ ಇರಲಿಲ್ಲ.

ಆದರೂ ಗುಜರಿ ಅಂಗಡಿಗಳನ್ನು ಬಿಡುವಂತಿರಲಿಲ್ಲ. ಅಂದು ಮಧ್ಯಾಹ್ನದಿಂದ ಗುರುವಾರ ಸಂಜೆಯವರೆಗೆ ಅವುಗಳನ್ನೆಲ್ಲ ಜಾಲಾಡಿದರು. ಒಬ್ಬ ಗುಜರಿಯವನಂತೂ ಕೈ ಮುಗಿದೇಬಿಟ್ಟ. "ಮುಪುಂಡು ಹಳೀನ ನಾನು ಕೊಳ್ತೀನಾ ಮೇಡಂ? ನನ್ನ ಮಕ್ಕಳು ಅಲ್ಲೇ ಓದ್ತಿರೋದು. ಗೊತ್ತಾದ್ರೆ ಮನೇಲಿ ನನಗೆ ನ್ಶಿಮಾ ಮುದ್ದೆ ಬಡಿಸಲ್ಲ."

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮುಟಿಂಟ ಸಾಕಾಲಾ ಮೇಷ್ಟ್ರ ಮನೆಗೆ ಹೋದರು. ಅದೇ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಜಗಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಸಾರ್, ಹಳಿ ಬಾರಿಸಿ ಹನ್ನೆರಡಕ್ಕೆ ಬರದೇ ಇರೋರು ಯಾರಾದ್ರೂ ಇದ್ರಾ?"

ಮೇಷ್ಟ್ರ ಕೈ ನಿಂತಿತು. "ಯಾಕೆ ಕೇಳ್ತಿದೀಯ?"

"ಕೇಸಿಗೆ ಬೇಕು."

"ಬೇಡ ಮಗೂ. ಹಬ್ಬ ಮುಗೀಲಿ."

"ಹಳಿ ಇಲ್ಲದ ಹಬ್ಬವಾ ಸಾರ್?"

ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. "ಒಬ್ಬಳಿದ್ದಳು. ಎಂಬತ್ತೊಂಬತ್ತರಲ್ಲಿ. ಎಸ್ನಾರ್ಟ್ ಮ್ವಾಲೆ. ಅಂಥಾ ಕೈ ನಾನು ಮತ್ತೆ ಕಂಡಿಲ್ಲ. ಆರೇ ವಾರ ಬಾರಿಸಿದಳು. ಬಸುರಿ ಅಂತ ಗೊತ್ತಾಯ್ತು. ಆಗಿನ ನಿಯಮ ನಿನಗೂ ಗೊತ್ತಲ್ಲ, ಹುಡುಗೀನ ಅವತ್ತೇ ಮನೆಗೆ ಕಳಿಸೋದು, ಹುಡುಗ ಪರೀಕ್ಷೆ ಬರೆಯೋದು. ಬಾರಿಸಿದೋರ ಹೆಸರಿನ ಹಲಗೆಯಿಂದ ಅವಳದನ್ನ ಅಳಿಸಿದ್ವಿ. ನಾನೂ ಆ ಸಭೇಲಿ ಕೈ ಎತ್ತಿದವನೇ."

ಮುಟಿಂಟ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಾಗಾದ್ರೆ ನಾನು..."

"ನೀನು ಎರಡನೆಯವಳು ಮಗೂ."

ಮುಟಿಂಟ ಅವರಿಗೆ ನಿಜಕ್ಕೂ ನೋವಾಯಿತು. ಸಮವಸ್ತ್ರದ ಮೇಲಿನ ನಕ್ಷತ್ರಗಳಿಗಿಂತ ಅವರು ಹೆಚ್ಚು ಜೋಪಾನ ಮಾಡಿದ್ದ ಮಾತು ಅದು. ಹಿಡಿ ಶೇಂಗಾ ಸುಲಿಯುವಷ್ಟರಲ್ಲಿ ಅದು ಬೇರೆಯವರ ಪಾಲಾಗಿತ್ತು. ಕೇಸು ಮುಚ್ಚಿ, ಬೇರೊಂದು ಹಳಿ ತಂದು ನೇತುಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು. ತಮ್ಮ ಬಗ್ಗೆ ತಮಗೇ ನಾಚಿಕೆಯಾಗಿ ಟೋಪಿ ಹಾಕಿಕೊಂಡು ಎದ್ದರು.

"ಈಗೆಲ್ಲಿದಾರೆ?"

"ಸಂತೇಲಿ. ಬಾನಾ ಚಿಸೊಮೊ ಅಂತ, ಚಿಸೊಮೊನ ತಾಯಿ. ನೀನು ದಿನಾ ಊಟ ಮಾಡೋದು ಅವಳ ಕೈಯಲ್ಲೇ."

ಹತ್ತೂವರೆಗೆ ಸಿತಾಲಿಯ ಜೊತೆ ಸಂತೆ ತಲುಪಿದಾಗ ಬಾನಾ ಚಿಸೊಮೊ ಮೀನು ಹುರಿಯುತ್ತಿದ್ದರು. ಇದ್ದಿಲ ಮೂಟೆಗಳ ಪಕ್ಕದಲ್ಲಿ ಕೈಗಾಡಿ ಬೋರಲು ಬಿದ್ದಿತ್ತು. ಪೊಲೀಸರನ್ನು ಕಂಡು ಆಕೆ ಬಾಣಲೆ ಇಳಿಸಿ ಕೈ ಒರೆಸಿಕೊಂಡರು.

"ಮೂರು ದಿನ ಬೇಕಾಯ್ತಾ ಮೇಡಂ? ನಮ್ಮ ಶಾಲೇಲಿ ಓದಿದೋರು ಬೇಗ ಬರ್ತೀರಿ ಅಂದ್ಕೊಂಡಿದ್ದೆ."

"ಎಲ್ಲಿದೆ?"

"ಮೂಟೆ ಹಿಂದೆ."

ಸಿತಾಲಿ ಮೂಟೆ ಸರಿಸಿದ. ಹಬ್ಬಕ್ಕೆಂದೇ ಮುದ್ರಿಸಿದ ಚಿತೆಂಗೆ ಬಟ್ಟೆಯಲ್ಲಿ, ಕೂಸಿಗೆ ಸುತ್ತಿದ ಹಾಗೆ, ಹಳಿಯನ್ನು ಸುತ್ತಿ ಮಲಗಿಸಿದ್ದರು. ಎಣ್ಣೆ ಹಚ್ಚಿ ಒರೆಸಿದ್ದರು.

"ಯಾಕೆ ತಗೊಂಡ್ರಿ?"

"ಹಬ್ಬದ ಕಮಿಟಿಯವರು ಈ ಬಟ್ಟೆ ಮಾರೋಕೆ ಬಂದಿದ್ರು, ಕೊಂಡೆ. ಶನಿವಾರ ನಾನೂ ಬರಬಹುದಾ ಅಂತ ಕೇಳ್ದೆ. ಒಬ್ಬ ನಕ್ಕ. ಹೊಟ್ಟೆ ಹೊತ್ಕೊಂಡು ಮನೆಗೆ ಹೋದೋರು ಹಳೇ ವಿದ್ಯಾರ್ಥಿಗಳಲ್ಲ ಅಮ್ಮಾ, ಬೇಕಾದ್ರೆ ಅಡುಗೆಗೆ ಬನ್ನಿ ಅಂದ. ಸಂಜೆ ಮೈಕಲ್ಲಿ ಕೂಗ್ಕೊಂಡು ಹೋದ್ರು, ಮೊದಲ ಹುಡುಗಿ ಇನ್‌ಸ್ಪೆಕ್ಟರ್ ಮುಟಿಂಟ ಅಂತ. ಇಪ್ಪತ್ತೇಳು ವರ್ಷ ಸುಮ್ಮನಿದ್ದೆ. ಅವತ್ತು ಆಗಲಿಲ್ಲ."

"ಏನು ಮಾಡೋರಿದ್ರಿ ಇದನ್ನ?"

"ಮಾರೋಕಲ್ಲ. ಶನಿವಾರ ಒಂದಿನ ಬಾಯಿ ಮುಚ್ಕೊಂಡಿರಲಿ, ಭಾನುವಾರ ವಾಪಸ್ ಇಟ್ಟು ಬರೋಣ ಅಂತಿದ್ದೆ."

"ಹುಲ್ಲಿನ ಮೇಲೆ ಯಾಕೆ ಹೋಗ್ಲಿಲ್ಲ? ಸುತ್ತಿ ಹೋಗಿದ್ದಕ್ಕೇ ಸಿಕ್ಕಿಬಿದ್ರಿ."

ಬಾನಾ ಚಿಸೊಮೊ ಅವರ ಮುಖ ಬಿಗಿಯಿತು. "ಅದೆಂಥಾ ಪ್ರಶ್ನೆ ಮೇಡಂ? ಅದನ್ನ ಹೇಗೆ ತುಳೀತಾರೆ?"

ಸಿತಾಲಿ ಬರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದ. ಇಬ್ಬರೂ ನಗುತ್ತಿರಲಿಲ್ಲ.

"ನೀವು ಬಾರಿಸೋದು ಇಲ್ಲಿಂದ್ಲೇ ಕೇಳ್ತಿದ್ದೆ," ಎಂದರು ಆಕೆ, ದನಿ ಇಳಿಸಿ. "ಚೆನ್ನಾಗಿತ್ತು. ಕೊನೇ ಮೆಲು ಏಟಂತೂ ಸರಿಯಾಗಿ ಬೀಳ್ತಿತ್ತು."

ಮೂರು ನಿಧಾನದ ಏಟು, ಆಮೇಲೆ ಬಿಡದೆ ಬೀಳುವ ಏಟುಗಳ ಓಟ, ಎಲ್ಲ ಮುಗಿದ ಮೇಲೆ ಒಂದೇ ಒಂದು ಮೆಲ್ಲನೆಯ ಏಟು. ಬರಲಾಗದವರಿಗೆ ಎಂದು ಅದಕ್ಕೆ ಹೆಸರು. ರೈಲ್ವೆ ಕೂಲಿಗಳ ಕಾಲದಿಂದ ಬಂದದ್ದು ಎಂದು ಎಲ್ಲರ ನಂಬಿಕೆ. ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಅದರ ಮೇಲೆ ಭಾಷಣ ಮಾಡುವುದುಂಟು.

"ಅದು ಮೊದಲಿಂದ್ಲೂ ಇದ್ದದ್ದಲ್ವಾ?" ಎಂದರು ಮುಟಿಂಟ.

"ಎಲ್ಲಿತ್ತು? ನನ್ನ ಗೆಳತಿ ಎಡಿನಾ ಮಲೇರಿಯಾ ಬಂದು ಬೇಲಿಯಾಚೆ ಮನೇಲಿ ಮಲಗಿದ್ಲು. ನಿನ್ನ ಮರೆತಿಲ್ಲ ಕಣೇ ಅನ್ನೋಕೆ ಒಂದು ಸೇರಿಸ್ದೆ. ನಾನು ಹೋದ ಮೇಲೂ ಹುಡುಗ್ರು ಬಿಡ್ಲಿಲ್ಲ. ಅಷ್ಟು ಸಾಕು ಅಂದ್ಕೊಂಡು ಇದ್ದೆ, ಇಷ್ಟು ದಿನ."

ಮುಟಿಂಟ ಮುಖ ತಿರುಗಿಸಿಕೊಂಡು ಕೈಗಾಡಿಯ ಚಕ್ರವನ್ನು ಅಳೆದರು. ಧೂಳಿನ ಗುರುತಿಗೂ ಅದಕ್ಕೂ ತಾಳೆಯಾಯಿತು. ಹನ್ನೊಂದೂ ಕಾಲಿಗೆ ಜಪ್ತಿ ಪಂಚನಾಮೆ, ಹನ್ನೊಂದೂವರೆಗೆ ಬಂಧನ. ಕೈಕೋಳ ಹಾಕಲಿಲ್ಲ. ಬಾನಾ ಚಿಸೊಮೊ ಒಲೆ ಆರಿಸಿ, ಹುರಿದ ಮೀನನ್ನು ಪಕ್ಕದ ಅಂಗಡಿಯವಳಿಗೆ ಒಪ್ಪಿಸಿ, ತಲೆಗೆ ಒಳ್ಳೆಯ ಬಟ್ಟೆ ಕಟ್ಟಿಕೊಂಡು ಜೀಪು ಹತ್ತಿದರು.

ಸಂಜೆ ಕಪೆಂಬ್ವ ಠಾಣೆಗೆ ಓಡಿಬಂದರು. "ಸಿಕ್ತಂತೆ! ಕೊಡಿ, ತಗೊಂಡು ಹೋಗ್ತೀನಿ."

"ಸಾಕ್ಷ್ಯದ ವಸ್ತು ಸಾರ್. ಗುರುತಿನ ಪಂಚನಾಮೆ ಆಗ್ದೆ ಆಚೆ ಹೋಗೋ ಹಾಗಿಲ್ಲ. ಇದು ನಿಮ್ಮ ಹಳೀನೇ ಅಂತ ಹೇಗೆ ಹೇಳ್ತೀರಿ?"

"ಸದ್ದು ಕೇಳಿದ್ರೆ ಬಡಾವಣೆಯ ಕೂಸೂ ಹೇಳುತ್ತೆ!"

"ಹಾಗಾದ್ರೆ ಬಾರಿಸ್ಲೇಬೇಕು. ನಾಳೆ ಒಂಬತ್ತಕ್ಕೆ, ಶಾಲೇಲಿ, ಎಲ್ಲರ ಎದುರು. ತನಿಖೆ ಮಾಡೋ ನಾನು ಸಾಕ್ಷ್ಯ ಮುಟ್ಟಿ ಬಾರಿಸೋ ಹಾಗಿಲ್ಲ. ಆರೋಪಿ ಬಾರಿಸ್ತಾರೆ."

ಅಂಥ ನಿಯಮ ಯಾವ ಪುಸ್ತಕದಲ್ಲಿದೆ ಎಂದು ಸಿತಾಲಿ ಕೇಳಬೇಕೆಂದಿದ್ದ. ಮೇಡಂ ಮುಖ ನೋಡಿ, ನಾಳೆ ಒಂಬತ್ತಕ್ಕೆ ಎಂದು ಬರೆದುಕೊಂಡ.

ಅಕ್ಟೋಬರ್ 22, ಶನಿವಾರ. ಶಾಲೆಯ ಅಂಗಳ ಕಿಕ್ಕಿರಿದಿತ್ತು. ಐವತ್ತು ವರ್ಷಗಳ ಮಕ್ಕಳು, ಅವರ ಮಕ್ಕಳು, ಊರುಗೋಲು ಹಿಡಿದ ರೈಲ್ವೆ ಕೂಲಿಗಳಿಬ್ಬರು. ಬಾನಾ ಚಿಸೊಮೊ ಹುಲ್ಲನ್ನು ಸುತ್ತಿ ಮರದ ಬಳಿಗೆ ಬಂದರು. ಹಳಿಯನ್ನು ಎಡ ಹೆಗಲಿನಿಂದೆತ್ತಿ ಒಂದೇ ಸಲಕ್ಕೆ ಕೊಕ್ಕೆಗೆ ಹಾಕಿದರು. ಕಬ್ಬಿಣದ ಸರಳನ್ನು ಕೈಗೆತ್ತಿಕೊಂಡರು.

ಮೂರು ನಿಧಾನದ ಏಟು. ಕುಳಿತವರೆಲ್ಲ ಎದ್ದರು. ಓಟ ಶುರುವಾಯಿತು, ರಸ್ತೆಯ ಮಿನಿಬಸ್ಸುಗಳು ನಿಂತವು, ಸಂತೆಯ ಗದ್ದಲ ಅಡಗಿತು. ಸಿತಾಲಿ ತಾನೂ ನೆಟ್ಟಗೆ ನಿಂತಿರುವುದನ್ನು ಆಮೇಲೆ ಗಮನಿಸಿದ. ಎಲ್ಲ ಮುಗಿದ ಮೇಲೆ ಬಾನಾ ಚಿಸೊಮೊ ಉಸಿರು ಹಿಡಿದು ಕೊನೆಯ ಮೆಲು ಏಟು ಹಾಕಿದರು. ಸಾಕಾಲಾ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನಮ್ಮದೇ," ಎಂದರು ಕಪೆಂಬ್ವ, ಗದ್ಗದವಾಗಿ. ಪಂಚರು ಸಹಿ ಹಾಕಿದರು.

ಇದೆಲ್ಲ ಅರ್ಥವಾಗದ ಕಮಿಟಿಯ ಅಧ್ಯಕ್ಷರು ಮೈಕು ಹಿಡಿದು, "ಈಗ ಹಳಿ ಬಾರಿಸಿದ ಮೊದಲ ಹುಡುಗಿ, ಇನ್‌ಸ್ಪೆಕ್ಟರ್ ಮುಟಿಂಟ ಹಾಮೂಂಗ!" ಎಂದು ಕೂಗಿದರು.

ಮುಟಿಂಟ ಮುಂದೆ ಬಂದು ಮೈಕು ಇಸಿದುಕೊಂಡರು. "ಎರಡನೆಯವಳು ಸಾರ್. ಮೊದಲನೆಯವರು ಎಸ್ನಾರ್ಟ್ ಮ್ವಾಲೆ, 1989. ಈಗ ಬಾರಿಸಿದ್ದು ಅವರೇ. ಸದ್ಯಕ್ಕೆ ನಮ್ಮ ಬಂಧನದಲ್ಲಿದ್ದಾರೆ."

ಸಂತೆಯ ಹೆಂಗಸರ ಕಡೆಯಿಂದ ನಾಲಿಗೆಯಾಡಿಸುವ ಸಂಭ್ರಮದ ಉಲಿಯೊಂದು ಎದ್ದಿತು, ಇನ್ನೊಂದು ಸೇರಿತು, ಇಡೀ ಅಂಗಳ ಉಲಿಯತೊಡಗಿತು. ಕಪೆಂಬ್ವ ದೂರು ವಾಪಸು ಪಡೆಯುವುದಾಗಿ ಹೇಳಿದರು. ಸೋಮವಾರ ಸ್ವಾತಂತ್ರ್ಯ ದಿನದ ರಜೆ, ಅದನ್ನು ಮಂಗಳವಾರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ, ಅಲ್ಲಿಯವರೆಗೆ ಕೇಸು ಕೇಸೇ ಎಂದರು ಮುಟಿಂಟ.

ಜೀಪು ಗೇಟಿನ ಬಳಿ ನಿಂತಿತ್ತು. ಹೆಡ್‌ಮಾಸ್ಟರೇ ಮುಂದೆ ಬಂದು ಹುಲ್ಲಿನ ಕಡೆ ಕೈ ತೋರಿಸಿದರು. "ಅಮ್ಮಾ, ಇವತ್ತು ಇದರ ಮೇಲೆ ಹೋಗಿ. ಶಾಲೆಯೇ ಹೇಳ್ತಿದೆ."

ಬಾನಾ ಚಿಸೊಮೊ ಹುಲ್ಲನ್ನು ಕಣ್ತುಂಬ ನೋಡಿದರು. ಚಪ್ಪಲಿ ಕಳಚಲಿಲ್ಲ.

"ಬೇಡ ಸಾರ್. ನಂದಿನ್ನೂ ಹನ್ನೊಂದನೇ ಕ್ಲಾಸು," ಎಂದರು, ತಲೆಯೆತ್ತಿ. "ಸಂಜೆ ಶಾಲೆಗೆ ಜನವರೀಲಿ ಸೇರ್ಕೊಳ್ತೀನಿ. ಮುಗಿಸಿ ಬಂದು ತುಳೀತೀನಿ."

ಹೇಳಿ ಅಂಚು ಹಿಡಿದು ಸುತ್ತಿ ನಡೆದರು. ಅವರ ಹಿಂದೆ ಸಿತಾಲಿಯೂ ಸುತ್ತಿ ನಡೆದ. ಹುಲ್ಲು ದಾಟುವ ಹಕ್ಕಿದ್ದ ಮುಟಿಂಟ ಕೂಡ ಅಂದು ಸುತ್ತಿಯೇ ಹೋದರು. ಜೀಪಿನಲ್ಲಿ ಕುಳಿತು ಕೇಸ್ ಡೈರಿ ತೆರೆದು, ಕೃತ್ಯದ ಉದ್ದೇಶ ಎಂಬಲ್ಲಿ ಹೀಗೆ ಬರೆದರು: "ಲಾಭಕ್ಕಾಗಿ ಅಲ್ಲ. ಆರೋಪಿಗೆ ತನ್ನ ಶಾಲೆಯ ಮೇಲೆ ಹೆಮ್ಮೆ. ಶಾಲೆ ಅದನ್ನು ತಿಳಿಯಲು ತಡವಾಯಿತು."