ಮೂವರು ಮದುವಣಗಿತ್ತಿಯರ ಕುಣಿತ

ಬಹಳ ಹಿಂದೆ, ಹಿಮದ ಬೆಟ್ಟಗಳು ಇನ್ನೂ ಎಳೆಯವಾಗಿದ್ದು ವರ್ಷಕ್ಕೊಂದು ಗೇಣು ಬೆಳೆಯುತ್ತಿದ್ದ ಕಾಲದಲ್ಲಿ, ಸ್ಲೋವಾಕರ ಸೀಮೆಯಲ್ಲಿ ಒಂದು ರಾಜ್ಯವಿತ್ತು. ಅಲ್ಲಿಯ ಹಸುಗಳು ಹಾಡು ಕೇಳದೆ ಹಾಲು ಕೊಡುತ್ತಿರಲಿಲ್ಲ. ಅಲ್ಲಿಯ ಮದುವೆಯಲ್ಲಿ ಪಿಟೀಲು ಬಾರಿಸಿದರೆ ಮೂರು ಹರದಾರಿ ದೂರದ ಗಡಿಗೆಯಲ್ಲಿ ಮೊಸರು ತಾನೇ ಬೆಣ್ಣೆಯಾಗುತ್ತಿತ್ತು. ನಂಬದವರು ಈಗಲೇ ಎದ್ದು ಹೋಗಬಹುದು. ನಾನು ಆ ಬೆಣ್ಣೆ ತಿಂದವನು.

ಆ ರಾಜ್ಯದಲ್ಲಿ ಒಂದ್ರೇಯ್ ಎಂಬ ಕುರಿಗಾಹಿ ಇದ್ದ. ಹಿಟ್ಟಿನ ಗಿರಣಿಯವನ ಮಗಳು ವೆರೋನ್ಕಾಳನ್ನು ಅವನು ಮೆಚ್ಚಿದ. ಅವಳೂ ಅವನನ್ನು ಮೆಚ್ಚಿದಳು. ಆದರೆ ಕರಿಬಂಡೆಯ ಕೋಟೆಯಲ್ಲಿದ್ದ ಚೆರ್ನೋಕ್ ಎಂಬ ಮಾಂತ್ರಿಕನಿಗೂ ಅವಳ ಮೇಲೆ ಕಣ್ಣು. ಅವನಿಗೆ ಬೇಕಾದದ್ದು ಹೆಂಡತಿಯಲ್ಲ, ಹಾಡು. ಅವನ ಕೋಟೆಯ ಮೇಲೆ ಹಕ್ಕಿ ಬಂದು ಕೂತರೂ ಮೂಕವಾಗುತ್ತಿತ್ತು. ಅದಕ್ಕೇ ಹಾಡುವ ಹೆಣ್ಣುಮಕ್ಕಳನ್ನು ಕದ್ದು ತಂದು, ಅವರ ಕೊರಳಿನಿಂದ ಹಾಡು ಹೀರಿ, ತನ್ನ ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುತ್ತಿದ್ದ. "ನನ್ನ ಜೊತೆ ಬಾ" ಎಂದು ವೆರೋನ್ಕಾಳನ್ನೂ ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು ಪೊರಕೆ ತೋರಿಸಿದ್ದಳು.

ಆ ಸೀಮೆಯ ಮದುವೆಯಲ್ಲಿ ಒಂದು ತಮಾಷೆಯ ಪದ್ಧತಿ. ಗಂಡಿನ ದಿಬ್ಬಣ ಬಂದು "ನಮ್ಮ ಹೆಣ್ಣು ಕೊಡಿ" ಅಂದರೆ ಸುಲಭಕ್ಕೆ ಕೊಡುವುದಿಲ್ಲ. ಮೊದಲು ಹಲ್ಲಿಲ್ಲದ ಮುದುಕಿಗೆ ಮುಸುಕು ಹಾಕಿ ಹೊರಗೆ ತಳ್ಳುತ್ತಾರೆ. ಆಮೇಲೆ ಮೀಸೆ ಹೊತ್ತ ಗಂಡಸಿಗೆ ಲಂಗ ತೊಡಿಸಿ ತಳ್ಳುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಕ್ಕ ಮೇಲೆ ಮೂರನೆಯವಳಾಗಿ ನಿಜವಾದ ಮದುವಣಗಿತ್ತಿ ಬರುತ್ತಾಳೆ. ಸಂಜೆಗೆ ಗಂಡ ಅವಳ ತಲೆಯ ಹೂದಂಡೆ ತೆಗೆದು, ಕಸೂತಿಯ ಕುಲಾವಿ ತೊಡಿಸಿದನೋ, ಅಲ್ಲಿಗೆ ಅವಳು ಅವನ ಹೆಂಡತಿ.

ಒಂದ್ರೇಯನ ದಿಬ್ಬಣ ಬಂತು. ಮೊದಲನೆಯವಳು ಹೊರಗೆ ಬಂದಳು. ಮುಸುಕು ಎತ್ತಿದರೆ ವೆರೋನ್ಕಾ! ಜನ ನಕ್ಕರು. ಎರಡನೆಯವಳು ಬಂದಳು. ಮುಸುಕು ಎತ್ತಿದರೆ ಅವಳೂ ವೆರೋನ್ಕಾ! ಕೆಲವರು ಮಾತ್ರ ನಕ್ಕರು. ಮೂರನೆಯವಳು ಬಂದಳು. ಅವಳೂ ವೆರೋನ್ಕಾ. ಯಾರೂ ನಗಲಿಲ್ಲ.

ಒಳಗೆ ಹೋಗಿ ನೋಡಿದರೆ, ವೇಷ ಹಾಕಬೇಕಿದ್ದ ಮುದುಕಿಯೂ ಮೀಸೆಯವನೂ ಹಿಟ್ಟಿನ ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ.

ಆಗ ಹೊಗೆಗೂಡಿನಿಂದ ಚೆರ್ನೋಕನ ದನಿ ಇಳಿಯಿತು. "ಒಂದ್ರೇಯ್! ಹೊತ್ತು ಮುಳುಗುವುದರೊಳಗೆ ಕುಲಾವಿ ತೊಡಿಸು. ತಪ್ಪು ತಲೆಗೆ ತೊಡಿಸಿದರೂ ಸರಿ, ತೊಡಿಸದೆ ಬಿಟ್ಟರೂ ಸರಿ, ನಿನ್ನವಳು ಎಂದೆಂದಿಗೂ ನನ್ನವಳು."

ಅಲ್ಲಿಂದ ಶುರುವಾಯಿತು ನೋಡಿ ಅನುಮಾನ. ಬೀಗರು ಬೀಗರ ಕಾಲು ನೋಡಿದರು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮೂಸಿ ನೋಡಿದರು. ಒಬ್ಬ ಅತ್ತೆ ತನ್ನ ಗಂಡನ ಕಿವಿ ಹಿಂಡಿ, "ನೀವು ನೀವೇ ತಾನೇ?" ಎಂದಳು.

"ನಲವತ್ತು ವರ್ಷದಿಂದ ನನಗೆ ನಿನ್ನ ಮೇಲೆ ಅದೇ ಅನುಮಾನ ಕಣೇ" ಎಂದ ಅವನು.

ಮೂವರು ಮದುವಣಗಿತ್ತಿಯರೂ ಒಂದೇ ದನಿಯಲ್ಲಿ, "ಒಂದ್ರೇಯ್, ನಾನೇ ಕಣೋ!" ಎಂದು ಅತ್ತರು. ಕಣ್ಣೀರು ಕೂಡ ಒಂದೇ ಅಳತೆ.

ವಾಲಗದವರ ಮುಂದಾಳು ಪಿಟೀಲಿನ ಯೋಶ್ಕೋ ತಾತ ಎದ್ದು ನಿಂತ. "ಅಳುವುದನ್ನು ಯಾರು ಬೇಕಾದರೂ ಕಲಿಯಬಹುದು. ಮದುವಣಗಿತ್ತಿಯ ಕುಣಿತ ಆಗಲಿ" ಎಂದ. ಆ ಕುಣಿತದಲ್ಲಿ "ನನ್ನ ಸರದಿ!" ಎಂದು ಕೂಗಿದ ನೆಂಟರೆಲ್ಲರ ಜೊತೆ ಮದುವಣಗಿತ್ತಿ ಒಂದೊಂದು ಸುತ್ತು ತಿರುಗಲೇಬೇಕು. ಒಲ್ಲೆ ಅನ್ನುವ ಹಾಗಿಲ್ಲ.

ಮೊದಲನೆಯವಳ ಎದುರು ಒಂದ್ರೇಯನ ತಾಯಿ ಬಂದಳು. "ನನ್ನ ಸರದಿ!" ಪಿಟೀಲು ನಿಧಾನವಾಗಿ ನುಡಿಯಿತು. ಒಂದು ಸುತ್ತು ಮುಗಿಯುವುದರೊಳಗೆ ತಾಯಿ ಕೂಗಿದಳು. "ಮಗಾ, ಇವಳ ಕಾಲಡಿ ಹುಲ್ಲು ಬಾಗ್ತಾ ಇಲ್ಲ ಕಣೋ! ಹಿಟ್ಟಿನ ಮೂಟೆ ಹೊರುವ ಹುಡುಗಿಗೆ ಇಷ್ಟೂ ತೂಕ ಬೇಡವಾ?" ಯೋಶ್ಕೋ ತಾತ ಕಮಾನು ಬಿಗಿಯಾಗಿ ಎಳೆದ. ಮೊದಲನೆಯವಳು ಮಂಜಾಗಿ ಚದುರಿಹೋದಳು.

ಎರಡನೆಯವಳ ಎದುರು ಊರ ಕಮ್ಮಾರ ಬಂದ. "ನನ್ನ ಸರದಿ!" ಕುಲುಮೆಯಿಂದ ನೇರ ಎದ್ದು ಬಂದವನು, ಅಂಗೈ ಇನ್ನೂ ಕೆಂಡದಂತಿತ್ತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾಕಮ್ಮ, ನನ್ನ ಕೈ ಕಪ್ಪು ಅಂತಲಾ?" ಎಂದು ಅವನು ಹಿಡಿದೇಬಿಟ್ಟ. ಚುಂಯ್ ಎಂದಿತು. ಆವಿ ಎದ್ದಿತು. ಲಂಗದೊಳಗಿಂದ ಕರುವಿನಷ್ಟು ದೊಡ್ಡ ಕಪ್ಪೆಯೊಂದು ನೆಗೆದು ಗಿರಣಿಯ ಹೊಂಡಕ್ಕೆ ಬಿತ್ತು. ಹೊಂಡದ ನೀರು ಹಾರಿ ನನ್ನ ಟೋಪಿ ನೆನೆಯಿತು.

ಉಳಿದವಳು ಮೂರನೆಯವಳು. ಅವಳು ಕಮ್ಮಾರನ ಜೊತೆ ಕುಣಿದಳು, ಸುಡಲಿಲ್ಲ. ಅತ್ತೆಯ ಜೊತೆ ಕುಣಿದಳು, ಹುಲ್ಲು ಬಾಗಿತು. ಜನ ಚಪ್ಪಾಳೆ ಹೊಡೆದರು. "ಇನ್ನೇನಪ್ಪ, ಇವಳೇ! ಹೊತ್ತು ಬೆಟ್ಟ ಮುಟ್ಟುತ್ತಾ ಇದೆ, ತೊಡಿಸು ಕುಲಾವಿ" ಎಂದ ಗಿರಣಿಯವನು.

ಒಂದ್ರೇಯ್ ಕುಲಾವಿ ಕೈಗೆತ್ತಿಕೊಂಡ. ಆದರೂ ಮನಸ್ಸು ಒಪ್ಪಲಿಲ್ಲ. "ಒಂದೇ ಒಂದು ಹಾಡು ಹಾಡು" ಎಂದ.

ಅಲ್ಲಿ ಕುಣಿಯುವವರು ಮೊದಲು ವಾಲಗದವರ ಎದುರು ನಿಂತು ತಮ್ಮ ಹಾಡು ಹಾಡುತ್ತಾರೆ. ಪಿಟೀಲು ಅದನ್ನು ಹಿಂಬಾಲಿಸುತ್ತದೆ. ಮೂರನೆಯವಳು ಸೊಂಟಕ್ಕೆ ಕೈಯಿಟ್ಟು ವೆರೋನ್ಕಾಳ ಹಾಡನ್ನೇ ಎತ್ತಿದಳು.

"ಬೆಟ್ಟದ ಮೇಲೆ ಬೆಳ್ಳನೆ ಕುರಿಯೋ,
ಗಿರಣಿಯ ಬಾಗಿಲು ತೆರೆದಿದೆ, ಬಾರೋ!"

ಎಂಥ ಕೊರಳು! ಗಂಡಸರೂ ಕಣ್ಣೊರೆಸಿಕೊಂಡರು. ಆದರೆ ಯೋಶ್ಕೋ ತಾತನ ಕಮಾನು ನಿಂತಿತು.

"ಹೇಗೆ ಹಾಡಿದಳು ಒಂದ್ರೇಯ್?"

"ತುಂಬಾ ಚೆನ್ನಾಗಿ ಹಾಡಿದಳು ತಾತ. ಅದೇ ನನಗೆ ಭಯ."

"ಏಳು ವರ್ಷದಿಂದ ಈ ಹುಡುಗಿಗೆ ಬಾರಿಸಿದ್ದೀನಿ" ಎಂದ ತಾತ. "ಆ 'ಬಾರೋ'ವನ್ನು ಒಂದು ಸಲವಾದರೂ ತಾಳಕ್ಕೆ ಸರಿಯಾಗಿ ಅಂದವಳಾ? ಅರ್ಧ ಹೆಜ್ಜೆ ಮೊದಲೇ ಹಾರಿಬಿಡ್ತಾಳೆ. ನಾವು ಐದು ಜನ ವಾದ್ಯ ಎತ್ತಿಕೊಂಡು ಹಿಂದೆ ಓಡಬೇಕು."

ಮೂರನೆಯವಳು ತಲೆ ತಗ್ಗಿಸಿದಳು. "ಮದುವೆ ದಿನ ತಪ್ಪಬಾರದು ಅಂತ ತಿಂಗಳಿಂದ ಕಲಿತೆ ತಾತ" ಎಂದಳು ಮೆಲ್ಲಗೆ.

ಜನ ಯೋಶ್ಕೋ ತಾತನಿಗೇ ಬೈದರು. "ಪಾಪ, ಮಗು ಕಲಿತಿದೆ. ನಿಮಗೆ ಅದೂ ಅನುಮಾನ!"

"ಇನ್ನೊಂದು ಸಲ ಬಾರಿಸು ತಾತ" ಎಂದ ಒಂದ್ರೇಯ್. "ಯಾರೂ ಬಾಯಿ ತೆರೆಯಬೇಡಿ."

ಪಿಟೀಲು ನುಡಿಯಿತು. ಬೆಟ್ಟ ಬಂತು, ಕುರಿ ಬಂತು, ಗಿರಣಿಯ ಬಾಗಿಲು ತೆರೆಯಿತು. 'ಬಾರೋ' ಬರುವುದಕ್ಕೆ ಅರ್ಧ ಹೆಜ್ಜೆ ಮೊದಲು ಹಿತ್ತಲಿನಿಂದ ಕೇಳಿಸಿತು. "ಕ್ವಾಂಕ್!"

ಅಡುಗೆಯವಳು ಒಂದು ಬಿಳಿ ಹೆಬ್ಬಾತನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕತ್ತಿ ಮಸೆಯುತ್ತಿದ್ದಳು. ತಾತ ಇನ್ನೊಮ್ಮೆ ಬಾರಿಸಿದ. ಅರ್ಧ ಹೆಜ್ಜೆ ಮೊದಲು, ಕ್ವಾಂಕ್! ಮೂರನೆಯ ಸಲವೂ ಅಷ್ಟೇ, ಕ್ವಾಂಕ್!

ಒಂದ್ರೇಯ್ ಓಡಿಹೋಗಿ ಹೆಬ್ಬಾತನ್ನು ಎತ್ತಿಕೊಂಡ. "ನನ್ನ ಸರದಿ!" ಎಂದು ಕೂಗಿ, ರೆಕ್ಕೆ ಹಿಡಿದು ಸುತ್ತು ತಿರುಗಿದ.

"ಲೋ, ಊರೆಲ್ಲ ನಗುತ್ತೋ!" ಎಂದಳು ತಾಯಿ.

"ನಗಲಿ ಅವ್ವ."

ಸೂರ್ಯ ಅರ್ಧ ಮುಳುಗಿದ್ದ. ಮೂರನೆಯವಳು ಓಡಿಬಂದು ಅವನ ಕಾಲು ಹಿಡಿದಳು. "ಬಾತಿನ ತಲೆಗೆ ಕುಲಾವಿ ಹಾಕಿ ನನ್ನನ್ನು ಆ ಮಾಂತ್ರಿಕನಿಗೆ ಕೊಡ್ತೀಯಾ? ನನ್ನ ಮುಖ ನೋಡು ಒಂದ್ರೇಯ್!" ಅವನು ನೋಡಿದ. ಅದೇ ಮುಖ, ಅದೇ ಕಣ್ಣು. ಅವಳ ಮುಖ ನೋಡಿದರೆ ತಪ್ಪುತ್ತೇನೆ ಎಂದು ಕಣ್ಣು ಮುಚ್ಚಿ, ಹೆಬ್ಬಾತಿನ ತಲೆಗೆ ಕುಲಾವಿ ತೊಡಿಸಿಯೇಬಿಟ್ಟ.

ಗರಿಗಳೆಲ್ಲ ಉದುರಿದವು. ಕುಲಾವಿಯ ಕೆಳಗೆ ವೆರೋನ್ಕಾ ನಿಂತಿದ್ದಳು.

"ಇಷ್ಟು ಹೊತ್ತು ಬೇಕಾಯಿತಾ ನಿನಗೆ?" ಎಂದಳು. "ಆ ಪುಣ್ಯಾತ್ಗಿತ್ತಿ ನನ್ನ ಕತ್ತನ್ನು ಎರಡು ಸಲ ಅಳೆದು ನೋಡಿದಳು!"

ಮೂರನೆಯವಳು ಎದ್ದು ಅಂಗಳದ ಹೆಬ್ಬಾಗಿಲ ಕಡೆಗೆ ಓಟ ಕಿತ್ತಳು. ಯೋಶ್ಕೋ ತಾತ ಗುಡುಗಿದ. "ಎಲ್ಲಿಗೆ? ಕುಣಿತ ಮುಗಿದಿಲ್ಲ! ಇನ್ನೂ ಮುನ್ನೂರು ನೆಂಟರಿದ್ದಾರೆ!" ಪಿಟೀಲು ಬೆಂಕಿಯಂತೆ ಹತ್ತಿಕೊಂಡಿತು. "ನನ್ನ ಸರದಿ! ನನ್ನ ಸರದಿ!" ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ತಿರುಗಿಸಿದರು. ಮೊದಲು ಹೂದಂಡೆ ಕಳಚಿತು. ಆಮೇಲೆ ಜಡೆ ಕಳಚಿತು. ಆಮೇಲೆ ಮುಖವೇ ಕಳಚಿ, ಒಳಗಿಂದ ಸಾಕ್ಷಾತ್ ಚೆರ್ನೋಕ್ ಕಾಣಿಸಿದ! ಒಂದೊಂದು ಸುತ್ತಿಗೂ ಅವನ ಬಾಯಿಂದ ಕದ್ದ ಹಾಡೊಂದು ಹಾರಿಹೋಗುತ್ತಿತ್ತು. ಹಾಡು ಹೋದಷ್ಟೂ ಅವನು ಕುಗ್ಗುತ್ತಿದ್ದ. ಕಟ್ಟಕಡೆಗೆ ನನ್ನ ಸರದಿ ಬಂದಾಗ ಹುಣಸೆಬೀಜದಷ್ಟಿದ್ದ. ಅಂಗೈಯಲ್ಲಿಟ್ಟು ಒಂದು ಸುತ್ತು ತಿರುಗಿಸಿ, ಉಫ್ ಎಂದು ಊದಿದೆ. ಹೋದ.

ಕರಿಬಂಡೆಯ ಕೋಟೆ ಬಿರಿದು, ಕದ್ದೊಯ್ದ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಹಾಡು ಹಾಡಿಕೊಂಡು ಮನೆಗೆ ಬಂದರು. ಏಳು ದಿನ ಮದುವೆಯ ಊಟ ನಡೆಯಿತು. ಏಳು ದಿನವೂ ಸೊಪ್ಪಿನ ಸಾರೇ, ಹೆಬ್ಬಾತು ಬಡಿಸಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದ್ರೇಯನೂ ವೆರೋನ್ಕಾಳೂ ಹಲ್ಲು ಉದುರುವವರೆಗೆ ಸುಖವಾಗಿ ಬಾಳಿದರು. ಅವರಿಗೆ ಏಳು ಮಕ್ಕಳಾದವು. ಏಳರಲ್ಲಿ ಒಂದಕ್ಕೂ ತಾಳ ಹತ್ತಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ಹಾಡಿದರೆ ನೆರೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದ್ರೇಯ್ ಮಾತ್ರ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, ಅದನ್ನು ಕೇಳುತ್ತಾ ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದ.